ಹಳೆಯ ವಾರ್‌ಗೇಮ್ ಪತ್ರಿಕೆ ಕೊಳ್ಳುವ ಮುಂಚೆ ಕೌಂಟರ್ ಹಾಳೆಯ ಬೆನ್ನು ನೋಡಿ

ವಾರ್‌ಗೇಮ್ ಅಂದರೆ ನಿಜವಾದ ಯುದ್ಧಗಳನ್ನು ನಕ್ಷೆಯ ಮೇಲೆ ಆಡುವ ಆಟ. ಅಂಥ ಆಟಗಳ ಅಮೆರಿಕನ್ ಪತ್ರಿಕೆ ‘ಸ್ಟ್ರಾಟಜಿ ಅಂಡ್ ಟ್ಯಾಕ್ಟಿಕ್ಸ್’ನ ಎಪ್ಪತ್ತರ ದಶಕದ ಒಂದೇ ಒಂದು ಸಂಚಿಕೆಗೆ 90 ಡಾಲರ್ ಕೊಟ್ಟು ಟೋಪಿ ಹಾಕಿಸಿಕೊಂಡಿದ್ದೇನೆ. ಇದೇ ಹುಚ್ಚು ಇರುವವರು ದಯವಿಟ್ಟು ಓದಿ.

ಹಳೇ ಪತ್ರಿಕೆಗೆ ಅಷ್ಟು ದುಡ್ಡಾ ಅಂತ ಮನೆಯವಳೂ ಕೇಳಿದಳು. ವಾರ್‌ಗೇಮ್ ರಚಿಸುತ್ತಿದ್ದ ಜಿಮ್ ಡನಿಗನ್ 1969ರಲ್ಲಿ ಇದನ್ನು ವಹಿಸಿಕೊಂಡ ಮೇಲೆ, 18ನೇ ಸಂಚಿಕೆಯಿಂದ ಪತ್ರಿಕೆಯ ಒಳಗೇ ಆಟ ಬರತೊಡಗಿತು. ಆರು ಮೂಲೆಯ ಮನೆಗಳ ನಕ್ಷೆ, ನಿಯಮ, ಸೇನಾ ತುಕಡಿಗಳನ್ನು ಸೂಚಿಸುವ ಅರ್ಧ ಇಂಚಿನ ಚೌಕ ಬಿಲ್ಲೆಗಳು (ಕೌಂಟರ್‌ಗಳು), ಜತೆಗೆ ಅದೇ ಯುದ್ಧದ ಮೇಲೆ ಉದ್ದನೆಯ ಲೇಖನ. ಮುಂದೆ ಯಾವ ಆಟ ಬೇಕೆಂದು ಓದುಗರು ಕಾರ್ಡಿನಲ್ಲಿ ಅಂಕ ಹಾಕಿ ಅಂಚೆಗೆ ಕೊಡುತ್ತಿದ್ದರು. ಈಗಿನ ಆಟದ ಪೆಟ್ಟಿಗೆ ಎತ್ತಲು ಎರಡು ಕೈ ಬೇಕು. ಇದನ್ನು ರೈಲಿನಲ್ಲಿ ಓದಿಕೊಂಡು ಬಂದು, ರಾತ್ರಿ ಊಟದ ಮೇಜಿನ ಮೇಲೇ ಹರಡಬಹುದು.

ಮಾರುವಾತ ‘ಪೂರ್ತಿ ಇದೆ, ಅನ್‌ಪಂಚ್ಡ್’ ಎಂದು ಬರೆದಿದ್ದ, ಅಂದರೆ ಕೌಂಟರ್‌ಗಳನ್ನು ಹಾಳೆಯಿಂದ ಇನ್ನೂ ಬಿಡಿಸಿಲ್ಲ ಎಂದು. ಫೋಟೊ ಚೆನ್ನಾಗಿತ್ತು. ಪಾರ್ಸೆಲ್ ಬಂದಾಗ ನಾನು ಮೈಸೂರಿನಲ್ಲಿದ್ದೆ. ಶಿಕಾಗೋಗೆ ಮರಳಿ ಬಿಚ್ಚುವಷ್ಟರಲ್ಲಿ ವಾಪಸ್ ಕಳಿಸುವ ಗಡುವು ದಾಟಿತ್ತು. ಕೌಂಟರ್ ಹಾಳೆಯ ಮೇಲೆ ಬೆರಳಾಡಿಸಿದರೆ ನುಣ್ಣಗಿದೆ! ಕೌಂಟರ್ ಬಿಡಿಸಲು ಅನುವಾಗುವಂತೆ ಕಾರ್ಖಾನೆಯಲ್ಲೇ ಕತ್ತರಿಸಿದ ಹಾಳೆಯಾದರೆ ಗೀರು ಕೈಗೆ ತಗಲಬೇಕು. ತಿರುಗಿಸಿದರೆ ಬರೀ ರಟ್ಟು. ಯಾರೋ ಕಲರ್ ಜೆರಾಕ್ಸ್ ತೆಗೆದು ಅಂಟಿಸಿದ್ದಾರೆ.

ಮಾರಿದವನನ್ನು ಕೇಳಿದ್ದಕ್ಕೆ, ‘ಆಗೆಲ್ಲ ಕೌಂಟರ್ ಕಾಗದದಲ್ಲೇ ಬರುತ್ತಿತ್ತು, ಆಡುವವರೇ ರಟ್ಟಿಗೆ ಅಂಟಿಸಿಕೊಳ್ಳುತ್ತಿದ್ದರು’ ಅಂದ. ಅರ್ಧ ನಿಜ, ಅದಕ್ಕೇ ಅಪಾಯ. ಶುರುವಿನ ಕೆಲವು ಸಂಚಿಕೆಗಳು ಹಾಗೇ ಇದ್ದವು. ನನ್ನದು ದಶಕದ ನಡುವಿನದು, ಆ ಹೊತ್ತಿಗೆ ಕತ್ತರಿಸಿದ ರಟ್ಟಿನ ಕೌಂಟರ್‌ಗಳೇ ಬರುತ್ತಿದ್ದವು.

ಅದು ಸಾಲದು ಅಂತ ಪತ್ರಿಕೆಗೆ ನೆಲಮಾಳಿಗೆಯ ಮುಗ್ಗುಲು ವಾಸನೆ. ನಾನು ಪೆದ್ದನ ಹಾಗೆ ಅದನ್ನು ಇನ್ನೊಂದು ವಾರ್‌ಗೇಮ್ ಕಂಪನಿ ಅವಲಾನ್ ಹಿಲ್‌ನವರ ಪತ್ರಿಕೆ ‘ದಿ ಜನರಲ್’ ಸಂಚಿಕೆಗಳ ಪಕ್ಕದಲ್ಲೇ ಇಟ್ಟೆ. ಮಳೆಗಾಲ ಮುಗಿಯುವುದರೊಳಗೆ ಅವುಗಳ ಮೇಲೂ ಬೂಷ್ಟಿನ ಚುಕ್ಕೆ.

ಕೊಳ್ಳುವ ಮುಂಚೆ ಹಾಳೆಯ ಎರಡೂ ಬದಿಯ ಫೋಟೊ ಕೇಳಿ, ಪಕ್ಕದಲ್ಲಿ ಅವತ್ತಿನ ತಾರೀಖು ಬರೆದ ಚೀಟಿ ಇರಲಿ. ನಕ್ಷೆ ಬಿಡಿಸಿ ತೋರಿಸಲಿ. ಸ್ಟೇಪಲ್ ಪಿನ್ನು ತುಕ್ಕು ಹಿಡಿದಿದ್ದರೆ ತೇವದಲ್ಲಿದ್ದ ಪ್ರತಿ ಎಂದೇ ತಿಳಿಯಿರಿ. ಬಂದ ದಿನವೇ ಬಿಚ್ಚಿ, ಮೂಸಿ ನೋಡಿ, ಕೆಲವು ವಾರ ಬೇರೆ ಕವರಿನಲ್ಲಿಡಿ.

ಮೊನ್ನೆ ಅದೇ ಸಂಚಿಕೆ ಅದೇ ಫೋಟೊದೊಂದಿಗೆ ಮತ್ತೆ ಮಾರಾಟಕ್ಕೆ ಬಂದಿದೆ. ಈ ಸಲ 110 ಡಾಲರ್.