ಧಾತುಗಳ ಸಂಕೇತ ಬಾಯಿಪಾಠ: ಸರಪಳಿಯೋ, ಕಾರ್ಡೋ, ಖಾಲಿ ಕೋಷ್ಟಕವೋ?

ಮೊದಲ 20 ಧಾತುಗಳಿಗೆ ಸಾಮಾನ್ಯವಾಗಿ ಹೇಳಿಕೊಡುವುದು ಸರಪಳಿ. ಹೈ-ಹೀ-ಲಿ-ಬೆ, ಬೋ-ಕಾ-ನೈ-ಆ... ಹೀಗೆ ಹೆಸರುಗಳ ಮೊದಲ ಅಕ್ಷರ ಜೋಡಿಸಿ ರಾಗವಾಗಿ ಹೇಳುವುದು. ಬೇಗ ಬಾಯಿಗೆ ಬರುತ್ತದೆ, ನಿಜ. ಆದರೆ 15ನೆಯದು ಯಾವುದು ಎಂದು ಕೇಳಿದರೆ ಮತ್ತೆ ಹೈಡ್ರೋಜನ್‌ನಿಂದ ಓಡಿಕೊಂಡು ಬರಬೇಕು. 11ಕ್ಕೆ, ಅಂದರೆ ಸೋಡಿಯಂಗೆ ಬಂದಾಗ ಇನ್ನೊಂದು ತೊಡಕು. ನಾಲಿಗೆ 'ಸೋ' ಅನ್ನುತ್ತದೆ, ಬರೆಯಬೇಕಾದದ್ದು ಎನ್‌ಎ! 19ರಲ್ಲಿ ಪೊಟ್ಯಾಸಿಯಂ ಕೂಡ ಹೀಗೇ, ಅದರ ಸಂಕೇತ ಕೆ. ಕ್ರಮಕ್ಕೆ ಸರಪಳಿ ಸೈ, ಸಂಕೇತಕ್ಕೆ ಅಲ್ಲ.

ಸಂಕೇತಕ್ಕೆ ನನಗೆ ಒಗ್ಗಿದ್ದು ಕಾರ್ಡು. ಒಂದು ಬದಿ ಹೆಸರು, ಇನ್ನೊಂದು ಬದಿ ಸಂಕೇತ. ಎರಡೂ ಕಡೆಯಿಂದ ಕೇಳಿಕೊಳ್ಳಬೇಕು. ಎಜಿ ನೋಡಿ ಬೆಳ್ಳಿ ಅನ್ನುವುದು ಸುಲಭ, ಬೆಳ್ಳಿ ನೋಡಿ ಎಜಿ ಬರೆಯುವಾಗ ಚಿನ್ನದ ಎಯು ನುಸುಳಿಬಿಡುತ್ತದೆ. ಪ್ರತಿ ಸಲ ಕಲಸಿ, ಇಲ್ಲದಿದ್ದರೆ ನೆನಪಾಗುವುದು ಕಾರ್ಡುಗಳ ಸಾಲು ಮಾತ್ರ. ನಿಜವಾದ ತಲೆನೋವು 'ಪಿ' ಗುಂಪು: ರಂಜಕ ಬರೀ ಪಿ, ಪ್ಲಾಟಿನಂ ಪಿಟಿ, ಸೀಸ ಪಿಬಿ, ಪೊಲೋನಿಯಂ ಪಿಒ. ಮೆಗ್ನೀಸಿಯಂನ ಎಂಜಿ, ಮ್ಯಾಂಗನೀಸ್‌ನ ಎಂಎನ್ ಜಗಳವೂ ಕಮ್ಮಿಯಿಲ್ಲ. ಇಂಥವನ್ನು ಬೇರೆಯೇ ಕಟ್ಟು ಮಾಡಿ, ಪಕ್ಕಪಕ್ಕ ಇಟ್ಟು ನೋಡಿದ ಮೇಲೆ ಗೊಂದಲ ಇಳಿಯಿತು. ಇನ್ನು ಇಂಗ್ಲಿಷ್ ಹೆಸರಿಗೆ ಹೊಂದದ ಸಂಕೇತಗಳು, ತಾಮ್ರವನ್ನೂ ಸೇರಿಸಿ, 118ರಲ್ಲಿ 11 ಅಷ್ಟೇ. ಹೆಚ್ಚಿನವಕ್ಕೆ ಲ್ಯಾಟಿನ್ ಹೆಸರೇ ಮೂಲ. ಕಬ್ಬಿಣಕ್ಕೆ ಫೆರಮ್, ಸೀಸಕ್ಕೆ ಪ್ಲಂಬಮ್ ಎಂದು ಕಾರ್ಡಿನ ಮೂಲೆಯಲ್ಲಿ ಬರೆದಿಟ್ಟರೆ ಸಾಕು.

ವಿಡಿಯೋ ಹಾಡುಗಳನ್ನೂ ನೋಡಿದೆ. ಕೇಳುವಾಗ ಎಲ್ಲ ಗೊತ್ತು ಅನಿಸುತ್ತದೆ, ಪೆನ್ನು ಹಿಡಿದರೆ ಏನೂ ಬರುವುದಿಲ್ಲ.

ಖಾಲಿ ಆವರ್ತ ಕೋಷ್ಟಕ ತುಂಬುವುದು ಎಲ್ಲಕ್ಕಿಂತ ನಿಧಾನ. ಶುರುವಿನಲ್ಲಿ ಬೇಸರವೂ ಜಾಸ್ತಿ. ಆದರೂ ಸಮಯವಿದ್ದರೆ ನನ್ನ ಮತ ಇದಕ್ಕೇ. ಲಿಥಿಯಂ, ಸೋಡಿಯಂ, ಪೊಟ್ಯಾಸಿಯಂ ಒಂದರ ಕೆಳಗೊಂದು ಕೂತಾಗ ಮೂರಕ್ಕೂ ವೇಲೆನ್ಸಿ (ಬೇರೆ ಧಾತುಗಳೊಡನೆ ಕೂಡುವ ಸಾಮರ್ಥ್ಯ) 1 ಎಂಬುದು ಬಿಟ್ಟಿಯಾಗಿ ಸಿಗುತ್ತದೆ. ಸೂತ್ರ ಬರೆಯುವಾಗ ಇದರ ಬೆಲೆ ಗೊತ್ತಾಗುತ್ತದೆ. ಕಾರ್ಡು ಅದನ್ನು ಕೊಡುವುದಿಲ್ಲ ಅಲ್ವಾ?

57ರಿಂದ 71ರವರೆಗಿನ ಲ್ಯಾಂಥನೈಡ್‌ಗಳ ಮುಂದೆ ಮಾತ್ರ ಕೋಷ್ಟಕವೂ ಸೋಲುತ್ತದೆ. ಅವುಗಳ ಗುಣವೆಲ್ಲ ಹೆಚ್ಚುಕಮ್ಮಿ ಒಂದೇ, ಹಾಗಾಗಿ ಜಾಗ ನೋಡಿ ಊಹಿಸಲು ಆಗುವುದಿಲ್ಲ. ಅಲ್ಲಿ ಮತ್ತೆ ಸರಪಳಿಯೇ ಗತಿ. ನಿಮ್ಮ ಪಠ್ಯದಲ್ಲಿ ಇಲ್ಲದಿದ್ದರೆ ಸುಮ್ನೆ ಬಿಟ್ಟುಬಿಡಿ.