ಒಂದೇ ಅಲಗು, ಐದು ಹಿಡಿಕೆ: ಬೀಟೆಯನ್ನು ಹಿಂದಿಕ್ಕಿದ ಬಳ್ಳಾರಿ ಜಾಲಿ

ಕೈಕೆಲಸದ ಚಾಕುವನ್ನು ಯಾರ ಕೈಗೆ ಕೊಟ್ಟರೂ ಮೊದಲು ಹಿಡಿಕೆಯನ್ನು ಹೊರಳಿಸಿ ಹೊರಳಿಸಿ ನೋಡುತ್ತಾರೆ, ಅಲಗಿನ ಸರದಿ ಆಮೇಲೆ. ಹೊಸದರಲ್ಲಿ ಎಲ್ಲ ಹಿಡಿಕೆಯೂ ಚಂದವೇ. ಗದುಗಿನ ಏಪ್ರಿಲ್ ಬಿಸಿಲು, ಧಾರವಾಡದ ಜುಲೈ ಜಿಟಿಜಿಟಿ ಮಳೆ ಎರಡನ್ನೂ ದಾಟಿದ ಮೇಲೆ ಅದು ಹೇಗಿರುತ್ತದೆ ಎಂಬುದೇ ನಿಜವಾದ ಪರೀಕ್ಷೆ. ಬೀಟೆ, ಬಳ್ಳಾರಿ ಜಾಲಿ, ಎಮ್ಮೆ ಕೊಂಬು, ಅಂಟಿನಲ್ಲಿ ನೆನೆಸಿ ಗಟ್ಟಿ ಮಾಡಿದ ಬಟ್ಟೆ ಪದರ, ಗೋವಿನಜೋಳದ ದಿಂಡು, ಈ ಐದನ್ನೂ ಒಂದೇ ಅಳತೆಯ ಅಲಗಿಗೆ ಕೂರಿಸಿ ಒಂದು ವರ್ಷ ಅಡುಗೆಮನೆಯಲ್ಲಿ ದುಡಿಸಿದ ಲೆಕ್ಕ ಇದು.

ಅಲಗು ಲಾರಿಯ ಕಮಾನು ಪಟ್ಟಿಯದು. ಉದ್ದ 6 ಇಂಚು, ಬೆನ್ನಿನ ದಪ್ಪ 3 ಮಿ.ಮೀ., ಉಕ್ಕು ಹಿಡಿಕೆಯ ತುದಿಯವರೆಗೂ ಹಾಯುವ ಬಗೆ. ಅಯಸ್ಕಾಂತ ಅಂಟದಷ್ಟು ಕಾಯಿಸಿ, ಇನ್ನೊಂದಿಷ್ಟು ಕೆಂಪೇರಿಸಿ ಎಣ್ಣೆಗೆ ಅದ್ದಿ, ಆಮೇಲೆ 200 ಡಿಗ್ರಿಯಲ್ಲಿ ಎರಡೆರಡು ಗಂಟೆಯಂತೆ ಎರಡು ಸಲ ಹದಗೊಳಿಸಿದ್ದು. ಹಿಡಿಕೆಯ ಎರಡು ಹೋಳಿಗೆ 5 ಮಿ.ಮೀ. ಹಿತ್ತಾಳೆ ಸರಳಿನ ಎರಡು ಪಿನ್ನು, ನಿಧಾನಕ್ಕೆ ಗಟ್ಟಿಯಾಗುವ ಅರಾಲ್ಡೈಟ್. ಐದು ನಿಮಿಷಕ್ಕೆ ಕೂರುವ ಅಂಟು ಬಿಸಿನೀರು ಮುಟ್ಟಿದರೆ ಮೆತ್ತಗಾಗುತ್ತದೆ, ಅದು ಬೇಡ. ಹೋಳುಗಳ ಮುಂತುದಿ, ಅಂದರೆ ಅಲಗಿನ ಕಡೆಯ ಅಂಚನ್ನು ಅಂಟಿಸುವ ಮೊದಲೇ ಪಾಲಿಶ್ ಮುಗಿಸಿಕೊಳ್ಳಬೇಕು. ಆಮೇಲೆ ಉಜ್ಜಲು ಹೋದರೆ ಅಲಗಿನ ಮೇಲೆ ಗೀರು ಬೀಳುವುದು ಖಂಡಿತ.

ಪರೀಕ್ಷೆಯೂ ದೊಡ್ಡ ಯಂತ್ರದ್ದಲ್ಲ: ದಿನದ ಉಳ್ಳಾಗಡ್ಡಿ, ಎಣ್ಣೆಗೈ, ರಾತ್ರಿಯಿಡೀ ನೀರಲ್ಲಿ ನೆನೆ, ಎರಡೂವರೆ ಅಡಿ ಎತ್ತರದ ಕಟ್ಟೆಯಿಂದ ಶಹಾಬಾದ್ ಕಲ್ಲಿನ ನೆಲಕ್ಕೆ ಬೀಳು.

ಬೀಟೆಯನ್ನು ಬೇಗ ಮುಗಿಸಿಬಿಡೋಣ. ಕಪ್ಪು ನೇರಳೆ ಗೆರೆ, ಅರ ಹಾಕಿದರೆ ಬೆಣ್ಣೆಯಂಥ ಮೈ, ಪಾಲಿಶ್ ಹಿಡಿಯುವುದರಲ್ಲಿ ಅದಕ್ಕೆ ಸಾಟಿಯಿಲ್ಲ. ಹಳೆಯ ಬಾಗಿಲು, ಮಂಚದ ಕಾಲು ಸಿಕ್ಕರೆ ಬಿಡಬೇಡಿ, ಅದು ಹತ್ತಾರು ವರ್ಷ ಒಣಗಿದ ಮರ. ಹೊಸ ಬೀಟೆಗೆ ಬೆಲೆಯೂ ಜಾಸ್ತಿ, 2017ರಿಂದ ದೇಶದಾಚೆ ಕಳಿಸಲು ಸೈಟಿಸ್ (ಅಳಿವಿನಂಚಿನ ಜೀವಿಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಕಾಗದಪತ್ರದ ರಗಳೆಯೂ ಇದೆ. ಅಂಟಿಸುವ ಸ್ವಲ್ಪ ಮುಂಚೆ ಅಸಿಟೋನ್‌ನಿಂದ ಒರೆಸದಿದ್ದರೆ ಮರದ ಎಣ್ಣೆ ಅಂಟನ್ನು ಹಿಡಿಯಗೊಡುವುದಿಲ್ಲ. ಇಷ್ಟೆಲ್ಲ ಮಾಡಿದರೂ ಏಪ್ರಿಲ್‌ನಲ್ಲಿ ಉಗುರು ಆಡಿಸಿದರೆ ಪಿನ್ನಿನ ತಲೆ ಕೈಗೆ ಹತ್ತಿತು. ಪಿನ್ನು ಮೇಲೆ ಬಂದದ್ದಲ್ಲ, ಮರ ಕುಗ್ಗಿದ್ದು.

ಬಳ್ಳಾರಿ ಜಾಲಿಯಲ್ಲಿ ಆ ಪಿನ್ನು ಹತ್ತಲಿಲ್ಲ. ಹೊಲದ ಬದು, ಕೆರೆಯಂಗಳ ಎಲ್ಲ ನುಂಗಿ ರೈತರಿಂದ ಬೈಗುಳ ತಿನ್ನುವ ಈ ಗಿಡ ಒಲೆಗೆ ಮಾತ್ರ ಲಾಯಕ್ಕು ಎಂಬುದು ಎಲ್ಲರ ನಂಬಿಕೆ. ಆದರೆ ಮರ ಹಸಿಯಿಂದ ಪೂರ್ತಿ ಒಣಗುವಾಗ ಎಷ್ಟು ಕುಗ್ಗುತ್ತದೆ ಎಂದು ನೋಡಿ: ಅನೇಕ ಗಟ್ಟಿ ಮರಗಳು ಅಡ್ಡಕ್ಕೆ ನೂರಕ್ಕೆ ಆರರಿಂದ ಎಂಟರಷ್ಟು ಕುಗ್ಗಿದರೆ ಈ ಜಾತಿಯದು ಮೂರರ ಆಸುಪಾಸು. ಅದಕ್ಕಿಂತ ಮುಖ್ಯ ಮಾತೆಂದರೆ ಎರಡೂ ದಿಕ್ಕಿಗೆ ಹೆಚ್ಚುಕಡಿಮೆ ಒಂದೇ ಸಮ ಕುಗ್ಗುತ್ತದೆ, ಹಾಗಾಗಿ ತಿರುಚಿಕೊಳ್ಳುವುದಿಲ್ಲ. ಒಳಗಿನ ಚೇಗು ಕೆಂಗಂದು, ಎಣ್ಣೆ ಕುಡಿದರೆ ಸುಟ್ಟ ಬೆಲ್ಲದ ಬಣ್ಣ. ಹೊರಗಿನ ಹಳದಿ ಮರವನ್ನು ಒಂದು ಎಳೆಯೂ ಉಳಿಯದಂತೆ ತೆಗೆಯಬೇಕು. ಹುಳ ಕೊರೆಯುವುದು ಅಲ್ಲೇ. ಬಿಳಿ ಹಿಟ್ಟು ಉದುರಿದರೆ ಒಳಗೆ ಹುಳ ಇದೆ ಎಂದೇ ಲೆಕ್ಕ. ಗಂಟು, ಸುಳಿ, ಬಿರುಕು ಜಾಸ್ತಿ, ಹತ್ತು ತುಂಡಿನಲ್ಲಿ ನಾಲ್ಕು ಕೈಗೆ ಬಂದರೆ ಪುಣ್ಯ. ನಮ್ಮ ಬಂಡಿಗಾಲಿಯ ಕರಿಜಾಲಿಯೂ ಗಟ್ಟಿಯೇ, ಪೆಟ್ಟನ್ನು ಇದಕ್ಕಿಂತ ಚೆನ್ನಾಗಿ ತಡೆಯುತ್ತದೆ. ಕೊಡಲಿ ಕಾವಿಗೆ ಕರಿಜಾಲಿ, ಚಾಕುವಿಗೆ ಬಳ್ಳಾರಿ ಜಾಲಿ.

ಎರಡು ಮರಕ್ಕೂ ಎಣ್ಣೆ ಅಗಸೆಯದೇ ಆಗಬೇಕು. ಅಗಸೆ ಎಣ್ಣೆ ಗಾಳಿಗೆ ಗಟ್ಟಿಯಾಗಿ ಪದರ ಕಟ್ಟುತ್ತದೆ. ಶೇಂಗಾ ಎಣ್ಣೆ ಎಂದೂ ಒಣಗುವುದಿಲ್ಲ, ಜಿಡ್ಡು ಹಿಡಿದು ಧೂಳು ಕೂರುತ್ತದೆ. ತೆಳ್ಳಗೆ ಸವರಿ, ಕಾಲು ಗಂಟೆ ಬಿಟ್ಟು ಪೂರ್ತಿ ಒರೆಸಿ, ಎರಡು ಮೂರು ದಿನ ಬಿಟ್ಟು ಮತ್ತೆ, ಹೀಗೆ ಐದು ಸಲ. ಗಾಣದ ಹಸಿ ಎಣ್ಣೆಯಾದರೆ ಇನ್ನೂ ಹೆಚ್ಚು ದಿನ ಕಾಯಬೇಕು. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು. ಹರವಿ ಒಣಗಿಸಿ, ಇಲ್ಲವೇ ನೀರಲ್ಲಿ ಮುಳುಗಿಸಿಡಿ.

ಕೊಂಬಿನ ಮಾತಿಗೆ ಬಂದರೆ ಧಾರವಾಡದವರು ಎದೆ ಸೆಟೆಸಬಹುದು. ಪೇಢೆಗೆ ಹಾಲು ಕೊಟ್ಟ ಧಾರವಾಡಿ ಎಮ್ಮೆ 2021ರಲ್ಲಿ ದೇಶದ ತಳಿ ಪಟ್ಟಿಗೆ ಸೇರಿತು. ಅದರ ಗುರುತೇ ಕುಡುಗೋಲಿನಂತೆ ಹಿಂದಕ್ಕೆ ಬಾಗಿದ ಉದ್ದನೆಯ ಕೊಂಬು. ತುದಿಯ ಕಡೆ ಗಟ್ಟಿ, ಬುಡದ ಕಡೆ ಟೊಳ್ಳು. ಗಟ್ಟಿ ತುದಿಯಿಂದ ಇಡೀ ಹಿಡಿಕೆ ಕಡೆಯಬಹುದು. ಹೋಳು ಬೇಕಾದರೆ ಬುಡ. ಕೊಂಬನ್ನು ಎರಡು ಮೂರು ವಾರ ನೀರಲ್ಲಿಟ್ಟರೆ ಒಳಗಿನ ಎಲುಬು ಸಡಿಲವಾಗಿ ಕಳಚುತ್ತದೆ, ವಾಸನೆಯಂತೂ ದೇವರಿಗೇ ಪ್ರೀತಿ. ಸೀಳಿದ ಹೋಳನ್ನು ಮುಕ್ಕಾಲು ಗಂಟೆ ಕುದಿಸಿ, ಬಿಸಿ ಇರುವಾಗಲೇ ಎರಡು ಕಬ್ಬಿಣದ ಪಟ್ಟಿಯ ನಡುವೆ ಇಟ್ಟು ತಿರುಪಿ ಬಿಗಿಯುವ ಶಿಕಂಜಿಗೆ ಹಾಕಿ, ತಣ್ಣಗಾಗುವವರೆಗೆ ತೆಗೆಯಬಾರದು. ಅವಸರ ಮಾಡಿದರೆ ಮರುದಿನ ಅದು ಹಪ್ಪಳದಂತೆ ಮತ್ತೆ ಬಾಗಿರುತ್ತದೆ. ಚಪ್ಪಟೆಯಾದ ಮೇಲೂ ತಿಂಗಳೊಪ್ಪತ್ತು ನೆರಳಲ್ಲಿ ಒಣಗಲಿ.

ಉಜ್ಜುವಾಗ ಕೂದಲು ಸುಟ್ಟ ವಾಸನೆ ಬಂದರೆ ವೇಗ ಜಾಸ್ತಿಯಾಯಿತೆಂದೇ ಅರ್ಥ. ಬಿಸಿಗೆ ಕೊಂಬು ಪದರ ಬಿಡುತ್ತದೆ. ಅದರ ಧೂಳು ಪುಪ್ಪುಸಕ್ಕೆ ಕೆಟ್ಟದ್ದು, ಮುಖಕ್ಕೆ ಒಳ್ಳೆಯ ಮಾಸ್ಕ್ ಇರಲಿ. ಪಿನ್ನನ್ನು ಸುತ್ತಿಗೆಯಿಂದ ಬಡಿದರೆ ಸೀಳು ಗ್ಯಾರಂಟಿ, 5.2 ಮಿ.ಮೀ. ತೂತು ಹಾಕಿ ಬೆರಳಿನಿಂದಲೇ ತಳ್ಳಿ. 120, 220, 400, 800, 1500 ಹೀಗೆ ಒರಟಿನಿಂದ ನುಣುಪಿನ ಉಪ್ಪುಕಾಗದಕ್ಕೆ ಬಂದು ಕೊನೆಗೆ ಹಿತ್ತಾಳೆ ಉಜ್ಜುವ ಬ್ರಾಸೋ ಹಾಕಿದರೆ ಒದ್ದೆಯಾದ ಕಪ್ಪುಕಲ್ಲಿನ ಹೊಳಪು. ಐದರಲ್ಲಿ ಕೈಗೆ ಹಿತವಾದದ್ದು ಇದೇ, ಹಿಡಿದ ಕ್ಷಣಕ್ಕೇ ಬೆಚ್ಚಗಾಗುತ್ತದೆ. ಆದರೆ ರಾತ್ರಿ ನೀರಲ್ಲಿ ಬಿದ್ದರೆ ಸೋಲುವುದೂ ಇದೇ: ಬೆಳಿಗ್ಗೆ ಉಕ್ಕಿಗೂ ಕೊಂಬಿಗೂ ನಡುವೆ ಕಾಗದ ತೂರುವಷ್ಟು ಸಂದು. ಒಣಗಿದ ಮೇಲೆ ಕೂಡಿದಂತೆ ಕಂಡರೂ ಒಳಗೆ ತುಕ್ಕು ಶುರುವಾಗಿರುತ್ತದೆ. ಪೆಟ್ಟಿಗೆಯಲ್ಲಿ ಮರೆತರೆ ತೊಗಲು ತಿನ್ನುವ ಹುಳ ಇದನ್ನೂ ತಿನ್ನುತ್ತದೆ.

ಒಂದು ಮಾತು ಇಲ್ಲೇ ಹೇಳಬೇಕು. ರಾಣೆಬೆನ್ನೂರಿನ ಸುತ್ತ ಕೃಷ್ಣಮೃಗವಿದೆ, ಅದರ ಕೊಂಬನ್ನೂ ಮುಟ್ಟುವಂತಿಲ್ಲ, ಜಿಂಕೆ, ಕಡವೆಯ ಕೊಂಬನ್ನು ಕಾಡಲ್ಲಿ ತಾನಾಗಿ ಬಿದ್ದದ್ದಾದರೂ ಮುಟ್ಟುವಂತಿಲ್ಲ. 1972ರ ವನ್ಯಜೀವಿ ಕಾಯ್ದೆ ಬಿಡುವುದಿಲ್ಲ. ‘ಅಜ್ಜನ ಕಾಲದ್ದು’ ಎಂದು ಮಾರಲು ಬಂದವರಿಂದಲೂ ದೂರ.

ಬಟ್ಟೆ ಪದರವನ್ನು ಹೊರಗಿನವರು ಮೈಕಾರ್ಟಾ ಎನ್ನುತ್ತಾರೆ. ಹುಬ್ಬಳ್ಳಿಯ ಮೋಟಾರು ವೈಂಡಿಂಗ್ ಅಂಗಡಿಯಲ್ಲಿ ಇದರ ಅಣ್ಣನೇ ಹೈಲಂ ಶೀಟ್ ಎಂಬ ಹೆಸರಿನಲ್ಲಿ ಬಿದ್ದಿರುತ್ತದೆ; 8 ಮಿ.ಮೀ. ದಪ್ಪದ ಬಟ್ಟೆಯ ಹೈಲಂ ತುಂಡು ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಮನೆಯಲ್ಲೇ ಮಾಡುವುದಾದರೆ ಬೆಂಗೇರಿಯ ದಪ್ಪ ಖಾದಿ, ಇಲ್ಲವೇ ಹರಿದ ಗದಗ-ಬೆಟಗೇರಿ ಕೈಮಗ್ಗದ ಹತ್ತಿ ಸೀರೆ. ಗಂಜಿ ಪೂರ್ತಿ ಹೋಗುವಂತೆ ಬಿಸಿನೀರಲ್ಲಿ ಒಗೆದು, ಇಸ್ತ್ರಿ ಹಾಕಿ ತೇವ ತೆಗೆದು, 13×8 ಸೆಂ.ಮೀ. ತುಂಡು ಕತ್ತರಿಸಿ. ಒಂದು ಸೆಂ.ಮೀ. ದಪ್ಪಕ್ಕೆ ಸುಮಾರು 30-35 ಪದರ, 100 ಗ್ರಾಂ ತೆಳು ಎಪಾಕ್ಸಿ ರೆಸಿನ್ (ಆಮೇಲೆ ಗಟ್ಟಿಯಾಗುವ ಅಂಟುದ್ರವ). ಟ್ಯೂಬಿನ ಅರಾಲ್ಡೈಟ್ ಇದಕ್ಕೆ ತೀರ ದಪ್ಪ. ಪ್ರತಿ ಪದರವನ್ನೂ ಎರಡೂ ಮೈ ನೆನೆಸಿ ಪೇರಿಸಿ, ಪ್ಲಾಸ್ಟಿಕ್ ಹಾಳೆ ಸುತ್ತಿ, ಹಲಗೆಗಳ ನಡುವೆ ಬಿಗಿಯಿರಿ. ಅಂಚಿನಲ್ಲಿ ರೆಸಿನ್ ಮಣಿಮಣಿಯಾಗಿ ಹೊರಬಂದರೆ ಸಾಕು, ಇನ್ನೂ ತಿರುಪಿದರೆ ರೆಸಿನ್ನೆಲ್ಲ ಹಿಂಡಿಹೋಗಿ ಆಮೇಲೆ ಚಕ್ಕುಲಿಯಂತೆ ಪದರ ಮುರಿಯುತ್ತದೆ. ಮಳೆಗಾಲದಲ್ಲಿ ಮಾಡಬೇಡಿ, ತೇವಕ್ಕೆ ಮೇಲ್ಮೈ ಜಿಗುಟಾಗುತ್ತದೆ.

ಅಂಚುಗಳನ್ನು ದುಂಡಗೆ ಉಜ್ಜಿದಾಗ ಪದರಗಳು ಒಂದರ ಹಿಂದೊಂದು ಕಾಣಿಸಿಕೊಳ್ಳುತ್ತವೆ. ಸೀರೆಯ ಕೆಂಪು, ಕಪ್ಪು ಎಳೆ ಉತ್ತ ಹೊಲದ ಸಾಲಿನಂತೆ ಹಿಡಿಕೆಯ ಸುತ್ತ ಬಳಸುತ್ತವೆ. ರೆಸಿನ್ ಹೀರಿದ ಮೇಲೆ ಬಣ್ಣ ಎರಡು ಪಟ್ಟು ಗಾಢವಾಗುವುದರಿಂದ ತಿಳಿ ಬಣ್ಣದ ಸೀರೆಯನ್ನೇ ಆರಿಸಿ. 400ರ ಕಾಗದಕ್ಕೆ ನಿಲ್ಲಿಸಿ, ಹೊಳಪು ಬೇಡ. ಒರಟು ಉಳಿದರೆ ಎಣ್ಣೆಗೈಯಲ್ಲೂ ಜಾರುವುದಿಲ್ಲ. ನೆನೆಸಿದರೂ ಎಸೆದರೂ ಏನೂ ಆಗಲಿಲ್ಲ. ಮರಕ್ಕಿಂತ ಇದು ಭಾರ: ಜಾಲಿ ಹಿಡಿಕೆ ಸುಮಾರು 32 ಗ್ರಾಂ ತೂಗಿದರೆ ಇದು, ಕೊಂಬು ಎರಡೂ 50ರ ಆಚೆ.

ಗೋವಿನಜೋಳದ ದಿಂಡು ನೋಡುವವರ ಬಾಯಿ ಕಟ್ಟಿಸುವ ಸರಕು. ಹಾವೇರಿ ಕಡೆ ರಾಶಿ ಮುಗಿದ ಮೇಲೆ ಗುಡ್ಡೆಗಟ್ಟಲೆ ಬಿದ್ದಿರುತ್ತದೆ. 105 ಡಿಗ್ರಿ ಓವನ್‌ನಲ್ಲಿ ದಿನವಿಡೀ ಒಣಗಿಸಿ, ಫ್ರಿಜ್ ರಿಪೇರಿಯವರ ವ್ಯಾಕ್ಯೂಮ್ ಪಂಪಿನಿಂದ ಗಾಳಿ ಎಳೆದು ರೆಸಿನ್ ಕುಡಿಸಬೇಕು. ಗುಳ್ಳೆ ಬರುವುದು ಪೂರ್ತಿ ನಿಲ್ಲುವವರೆಗೂ ಪಂಪು ಓಡಲಿ. ಸೀಳಿದರೆ ಕಾಳು ಕೂತ ಗುಳಿಗಳೆಲ್ಲ ಜೇನುಹುಟ್ಟಿನಂತೆ ಕಾಣುತ್ತವೆ. ತೊಂದರೆ ನಡುವಿನ ಬೆಂಡಿನದು. ಅಲ್ಲಿ ರೆಸಿನ್ ತುಂಬದೆ ಉಳಿದ ಜಾಗದಲ್ಲೇ ಪಿನ್ನಿನ ತೂತು ಬಿದ್ದರೆ ಹಿಡಿಕೆ ಮುಗಿಯಿತು. ಕಲ್ಲಿನ ನೆಲಕ್ಕೆ ಬಿದ್ದಾಗ ಹಿಂತುದಿಯ ಮೂಲೆ ಚಕ್ಕೆ ಎದ್ದದ್ದು ಇದೊಂದರಲ್ಲೇ. ಕಾಣಿಕೆ ಕೊಡಲು ಇರಲಿ, ದಿನದ ಉಳ್ಳಾಗಡ್ಡಿಗೆ ಬೇಡ.

ಬಳ್ಳಾರಿ ಜಾಲಿ ತರಲು ಕಟ್ಟಿಗೆ ಡಿಪೋಕ್ಕೇ ಹೋಗಿ. ತೊಡೆಗಾತ್ರದ, ನೇರವಾದ, ಕತ್ತರಿಸಿದ ತಲೆಯಲ್ಲಿ ನಕ್ಷತ್ರದಂತೆ ಬಿರುಕು ಬಿಡದ ತುಂಡು ಆರಿಸಿ, ಎರಡೂ ತಲೆಗೆ ಅಂದೇ ಮೇಣ ಬಳಿದು, 12 ಮಿ.ಮೀ. ಹಲಗೆ ಸೀಳಿಸಿ, ನಡುನಡುವೆ ಕಡ್ಡಿ ಇಟ್ಟು ನೆರಳಲ್ಲಿ ಪೇರಿಸಿ. ತಿಂಗಳಿಗೊಮ್ಮೆ ತೂಗಿ ಗೋಡೆಯ ಮೇಲೆ ಬರೆದಿಡಿ, ಎರಡು ತಿಂಗಳು ತೂಕ ಇಳಿಯದಿದ್ದರೆ ಗರಗಸ ಎತ್ತಬಹುದು. ಮುಳ್ಳು ಚುಚ್ಚಿದರೆ ನಂಜೇರಿ ಬಾವು ಬರುತ್ತದೆ, ತೊಗಲಿನ ಕೈಗವಸು ಹಾಕಿಕೊಂಡೇ ಹೊರಿ.