"ಸಪೋರ್ಟ್ ಇದೆ ಸಾರ್" ಅಂದ್ರೆ ನಂಬ್ಬೇಡಿ: ಸ್ವಿಚ್‌ನಲ್ಲಿ ಜಿಟರ್ ಅಳೆಯೋಕೆ ಹೋಗಿ ನಾನು ಮೂರ್ಖನಾದ ಕತೆ

ಮೊದಲೇ ಹೇಳ್ಬಿಡ್ತೀನಿ, ತಪ್ಪು ನಂದೂ ಇದೆ. ಹನ್ನೆರಡು ವರ್ಷದಿಂದ ನೆಟ್‌ವರ್ಕ್ ಕೆಲಸ ಮಾಡ್ತಾ ಇದ್ದೂ ಕಂಪ್ಲೀಷನ್ ಶೀಟಿಗೆ ಕಣ್ಮುಚ್ಚಿ ಸಹಿ ಹಾಕಿದವನು ನಾನೇ. ಆದ್ರೂ ಹೊಟ್ಟೆ ಉರೀತಿದೆ, ಬರೀತಿದ್ದೀನಿ.

ಬೆಂಗಳೂರು ಆಫೀಸಿಂದ ಹುಬ್ಬಳ್ಳಿ ಬ್ರಾಂಚಿಗೆ ಐಪಿ ಫೋನಲ್ಲಿ ಮಾತಾಡಿದ್ರೆ ಧ್ವನಿ ತುಂಡು ತುಂಡು. ಲಿಂಕ್ ಕೊಟ್ಟವರದ್ದು "ನಮ್ ಕಡೆ ಎಲ್ಲಾ ಸರಿ ಇದೆ" ಅಂತ ಒಂದೇ ರಾಗ. ಸರಿ, ಜಿಟರ್ (ಪ್ಯಾಕೆಟ್‌ಗಳು ತಲುಪೋ ಹೊತ್ತಿನ ಏರುಪೇರು) ಅಳೆದು ಮುಖಕ್ಕೆ ಹಿಡಿಯೋಣ ಅಂತ ಎಸ್‌ಪಿ ರೋಡಲ್ಲಿ ಒಬ್ಬ ಡೀಲರ್ ಹತ್ರ ಎರಡು ರಿಫರ್ಬಿಶ್ಡ್ ಸ್ವಿಚ್ ತಗೊಂಡೆ. ಕೇಳಿದ್ದು ಒಂದೇ ಪ್ರಶ್ನೆ, "ಐಪಿ ಎಸ್‌ಎಲ್‌ಎ ಇದೆಯಾ?" (ಟೆಸ್ಟ್ ಪ್ಯಾಕೆಟ್ ಕಳಿಸಿ ಲಿಂಕ್ ಹೇಗಿದೆ ಅಂತ ಅಳೆಯೋ ಸೌಲಭ್ಯ ಅದು.) "ಸಪೋರ್ಟ್ ಇದೆ ಸಾರ್." ಎರಡಕ್ಕೆ 54,000. ಕಾನ್ಫಿಗರ್ ಮಾಡೋಕೆ ಅವರ ಹುಡುಗನಿಗೆ ಬೇರೆ 8,000.

ಹುಡುಗ ಬಂದ, ಏನೋ ಟೈಪ್ ಮಾಡಿದ, ಸ್ಕ್ರೀನ್ ತೋರಿಸಿದ. ಕಂಟ್ರೋಲ್ ಪೋರ್ಟ್ 1967, ರೆಸ್ಪಾಂಡರ್ ಎನೇಬಲ್ಡ್. ಆ 'ಎನೇಬಲ್ಡ್' ನೋಡಿ ಸಹಿ ಹಾಕಿದೆ. ಆಮೇಲೆ ವಾರಕ್ಕೊಂದು ಎಕ್ಸೆಲ್ ಕಳಿಸ್ತಿದ್ದ. ಒಂದು ದಿನ ಜಿಟರ್ 38 ಮಿಲಿಸೆಕೆಂಡ್ ಅಂತಿತ್ತು. ಧ್ವನಿಗೆ 30 ದಾಟಬಾರದು ಅಂತಾರಲ್ಲ, ಸಿಕ್ಕಿಬಿದ್ರು ಅಂತ ಖುಷಿಯೋ ಖುಷಿ.

ಲಿಂಕಿನವರನ್ನ ಮೀಟಿಂಗಿಗೆ ಕರೆದೆ. ಅವರ ಕಡೆಯ ಹುಡುಗಿ ಶೀಟ್ ನೋಡಿ ಮೆತ್ತಗೆ ಕೇಳಿದಳು: "ಸಾರ್, ಎಷ್ಟು ಪ್ಯಾಕೆಟ್? ಇಂಟರ್ವಲ್ ಎಷ್ಟು? ಟಾಸ್ 184 ಇಟ್ಟಿದ್ದೀರಾ?" (ಟಾಸ್ ಅಂದ್ರೆ ಪ್ಯಾಕೆಟ್ಟಿನ ಆದ್ಯತೆಯ ಗುರುತು, 184 ಧ್ವನಿಗೆ ಕೊಡೋದು.) ನನ್ ಹತ್ರ ಉತ್ತರ ಇಲ್ಲ. ಪ್ರೊಜೆಕ್ಟರ್ ಮೇಲೇ ಲಾಗಿನ್ ಆದೆ. ಪ್ರೋಬ್, ಅಂದ್ರೆ ಟೆಸ್ಟ್ ಪ್ಯಾಕೆಟ್ ಕಳಿಸೋ ಕಮಾಂಡ್, ಅದರ ನಂಬರ್ ಹೊಡೆದೆ. ಕೆಳಗೆ ಆ ಪುಟ್ಟ ಟೋಪಿ ಗುರುತು, ಇನ್‌ವ್ಯಾಲಿಡ್ ಇನ್‌ಪುಟ್. ಕೈ ತಪ್ಪಿರ್ಬೇಕು ಅಂತ ಮತ್ತೆ ಹೊಡೆದೆ. ಮತ್ತೆ ಟೋಪಿ. ನನಗೇ ಹಾಕಿದ ಟೋಪಿ ಅದು! ಪ್ರಶ್ನೆ ಚಿಹ್ನೆ ಒತ್ತಿದ್ರೆ ರೆಸ್ಪಾಂಡರ್ ಬಿಟ್ಟು ಕೆಲಸಕ್ಕೆ ಬರೋದು ಏನೂ ಇಲ್ಲ. ಆರು ಜನ ನೋಡ್ತಿದ್ರು, ನಮ್ಮ ಮ್ಯಾನೇಜರ್ ಸೇರಿ.

ಅರ್ಥ ಆಯ್ತಲ್ಲ? ಸ್ವಿಚ್ಚಲ್ಲಿದ್ದ ಆ ಬೇಸಿಕ್ ಸಾಫ್ಟ್‌ವೇರ್ ಲೈಸೆನ್ಸಿಗೆ ಪ್ರೋಬ್ ಕಳಿಸೋಕೇ ಬರಲ್ಲ, ರೆಸ್ಪಾಂಡರ್ ಆಗಿ ಬಂದ ಪ್ರೋಬಿಗೆ ಉತ್ತರ ಕೊಡೋದಷ್ಟೇ. ಎರಡೂ ಸ್ವಿಚ್ ಅಂಥವೇ. ಎರಡೂ ಕಡೆ 'ಓ' ಅನ್ನೋಕೆ ಕೂತಿವೆ, ಕೂಗೋರೇ ಇಲ್ಲ!

ಹಾಗಾದ್ರೆ ಎಕ್ಸೆಲ್? ಹುಡುಗ ಲ್ಯಾಪ್‌ಟಾಪಿಂದ ಪಿಂಗ್ ಹೊಡೆದು, ಒಂದರಿಂದ ಇನ್ನೊಂದು ಕಳೆದು, ಮೇಲೆ 'ಜಿಟರ್' ಅಂತ ಬರೆದಿದ್ದ. ಪಿಂಗ್ ಹೋಗಿ ಬಂದ ಒಟ್ಟು ಹೊತ್ತು ಹೇಳುತ್ತೆ, ಯಾವ ದಿಕ್ಕಲ್ಲಿ ಕೆಟ್ಟಿದೆ ಅಂತ ಹೇಳಲ್ಲ. ಧ್ವನಿ ಪ್ಯಾಕೆಟ್ಟಿನ ಕ್ಯೂನಲ್ಲೂ ಅದು ಹೋಗ್ತಿರಲಿಲ್ಲ.

ಡೀಲರಿಗೆ ಫೋನ್ ಮಾಡಿದೆ. "ಸಪೋರ್ಟ್ ಇದೆ ಅಂದೆ ಸಾರ್, ರೆಸ್ಪಾಂಡರೂ ಸಪೋರ್ಟೇ ಅಲ್ವಾ?" ಜಿಟರ್‌ಗೆ ಅಂತಾನೇ ತಗೊಂಡಿದ್ದು ಕಣ್ರೀ ಅಂದ್ರೆ, "ನೀವು ಕಳಿಸೋದು ಅಂತ ಹೇಳ್ಲಿಲ್ಲ." ಲೈಸೆನ್ಸ್ ಹಾಕಿಕೊಡಿ ಅಂದ್ರೆ, "ಆ ಮಾಡೆಲಿಗೆ ಬರಲ್ಲ, ದೊಡ್ಡದು ತಗೊಳ್ಳಿ, ನಿಮಗೆ ರೇಟ್ ನೋಡಿ ಹಾಕ್ತೀನಿ." ನಾಚಿಕೆ ಬೇಡ್ವಾ?

ಕೊನೆಗೆ ಗೋಡೌನಲ್ಲಿ ಧೂಳು ತಿಂತಿದ್ದ ಹಳೇ ರೂಟರನ್ನ ಬೆಂಗಳೂರಲ್ಲಿ ಕಳಿಸೋದಕ್ಕೆ ಕೂರಿಸಿದೆ, ಹುಬ್ಬಳ್ಳಿ ಸ್ವಿಚ್ ಉತ್ತರ ಕೊಡ್ತಿದೆ. ಡೀಫಾಲ್ಟ್ 10 ಪ್ಯಾಕೆಟ್ ಸಾಲಲ್ಲ, ಜಿ.711 ಅನ್ನೋ ಕೋಡೆಕ್ (ಫೋನ್ ಧ್ವನಿಯನ್ನ ಡಿಜಿಟಲ್ ಮಾಡೋ ವಿಧಾನ) ಹೆಸರು ಕೊಟ್ರೆ 20 ಮಿಲಿಸೆಕೆಂಡಿಗೊಂದರಂತೆ 1000 ಹೋಗುತ್ತೆ. ಎರಡೂ ಕಡೆ ಗಡಿಯಾರ ಹೊಂದಿಸೋ ಎನ್‌ಟಿಪಿ ಕೂಡಿಸಿ, ಇಲ್ಲಾಂದ್ರೆ ಒನ್‌ವೇ ಡಿಲೇ (ಒಂದೇ ದಿಕ್ಕಿನ ತಡ) ಸಿಗಲ್ಲ.

ತಗೊಳ್ಳೋ ಮುಂಚೆ ಲೈಸೆನ್ಸ್ ನೋಡಿ. ಅಂಗಡಿಯಲ್ಲೇ ಕನ್ಸೋಲ್ ಹಾಕ್ಸಿ, ಜಿಟರ್ ಅಳೆಯೋ ಯುಡಿಪಿ-ಜಿಟರ್ ಕಮಾಂಡ್ ನಿಮ್ಮ ಕೈಯಾರೆ ಟೈಪ್ ಮಾಡಿ. ಟೋಪಿ ಬಂದ್ರೆ ಎದ್ದು ಬನ್ನಿ.

8,000 ಆದ್ರೂ ವಾಪಸ್ ಕೊಡಿ ಅಂತ ಮೂರು ವಾರದಿಂದ ಮೆಸೇಜ್ ಹಾಕ್ತಿದ್ದೀನಿ. ನೀಲಿ ಟಿಕ್ ಬರುತ್ತೆ, ಉತ್ತರ ಇಲ್ಲ.